ಆಂಡರ್ಸನ್, ಕಿರ್ಕೆಗಾರ್ಡ್ ಬಿಟ್ಟರೆ ಡೆನ್ಮಾರ್ಕಿನಲ್ಲಿ ಇನ್ಯಾರಿದ್ದರು?

ಪ್ರಶ್ನೆ: ನನಗೆ ನಾಟಕ ಓದುವ ಹುಚ್ಚು. ಇಬ್ಸನ್‌ನ 'ಎ ಡಾಲ್ಸ್ ಹೌಸ್' ಮೊದಲ ಸಲ ರಂಗಕ್ಕೆ ಬಂದದ್ದು ಕೋಪನ್‌ಹೇಗನ್‌ನಲ್ಲಿ ಅಂತ ಓದಿದೆ. ಹಾಗಾದರೆ ಅವನು ಡೇನಿಶ್ ಲೇಖಕನೇ? ಅಲ್ಲ ಅನ್ನುವುದಾದರೆ 19ನೇ ಶತಮಾನದ ಡೆನ್ಮಾರ್ಕಿನಲ್ಲಿ ಅವರದೇ ನಾಟಕಕಾರರು, ಕವಿಗಳು ಯಾರಿದ್ದರು? ಕಥೆಗಾರ ಆಂಡರ್ಸನ್ ಮತ್ತು ತತ್ತ್ವಚಿಂತಕ ಕಿರ್ಕೆಗಾರ್ಡ್ ಬಿಟ್ಟು ಬೇರೆ ಹೆಸರೇ ಕೇಳಿಲ್ಲ. ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಇಬ್ಸನ್ ವಿಷಯ ಹೇಳಿಬಿಡುತ್ತೇನೆ. ಅವನು ನಾರ್ವೆಯವನೇ, ಅನುಮಾನ ಬೇಡ. ಆದರೆ ನಿಮಗೆ ಗೊಂದಲ ಆಗಿದ್ದರಲ್ಲಿ ಆಶ್ಚರ್ಯವಿಲ್ಲ. 1814ರವರೆಗೆ ನಾರ್ವೆ ಡೆನ್ಮಾರ್ಕಿನ ರಾಜನ ಕೈಕೆಳಗೆ ಇತ್ತು. ಬೇರೆಯಾದ ಮೇಲೂ ಎರಡೂ ಕಡೆ ಓದುಬರಹದ ಭಾಷೆ ಹೆಚ್ಚುಕಡಿಮೆ ಒಂದೇ. ಪುಸ್ತಕ ಜಾಸ್ತಿ ಮಾರಾಟವಾಗುತ್ತಿದ್ದದ್ದು, ನಟನಟಿಯರು ಪಳಗಿದ್ದು ಎಲ್ಲ ಕೋಪನ್‌ಹೇಗನ್‌ನಲ್ಲೇ. 1866ರ 'ಬ್ರಾಂಡ್'ನಿಂದ ಮುಂದಕ್ಕೆ ಇಬ್ಸನ್‌ನನ್ನು ಅಚ್ಚು ಹಾಕಿದ್ದು ಅಲ್ಲಿನ ಗಿಲ್ಡೆಂಡಾಲ್ ಪ್ರಕಾಶನ. 'ಎ ಡಾಲ್ಸ್ ಹೌಸ್' 1879ರ ಡಿಸೆಂಬರ್ 21ರಂದು ಕೋಪನ್‌ಹೇಗನ್‌ನ ರಾಯಲ್ ಥಿಯೇಟರ್‌ನಲ್ಲಿ ಮೊದಲು ನಡೆಯಿತು, ನಾಯಕಿ ನೋರಾ ಆಗಿದ್ದವಳು ಬೆಟ್ಟಿ ಹೆನ್ನಿಂಗ್ಸ್. ಇನ್ನೂ ಒಂದು ಮಾತು. 1852ರಲ್ಲಿ, ಇಬ್ಸನ್‌ಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ, ನಾಟಕ ಆಡಿಸುವುದು ಹೇಗೆಂದು ಕಲಿಯಲು ಇದೇ ರಂಗಮಂದಿರಕ್ಕೆ ಬಂದಿದ್ದ. ಅವನು ಅಲ್ಲಿ ಯಾರ ಕೆಲಸ ನೋಡಿದ ಅನ್ನುವುದರಲ್ಲೇ ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರವಿದೆ.

ಆ ಡೇನಿಶ್ ಕವಿಗಳ, ನಾಟಕಕಾರರ ಹೆಸರು ನಮಗೆ ಯಾಕೆ ಗೊತ್ತಿಲ್ಲ? ಚೆನ್ನಾಗಿ ಬರೆಯಲಿಲ್ಲ ಅಂತಲ್ಲ. ಅವರು ಬರೆದದ್ದು ಪದ್ಯದಲ್ಲಿ, ಅದೂ ಒಂದೇ ಊರಿನ ಒಂದೇ ರಂಗಮಂದಿರಕ್ಕೆ, ಇಲ್ಲವೇ ನಾಲ್ಕು ಜನ ಸೇರಿ ಹಾಡುವುದಕ್ಕೆ. ಆಂಡರ್ಸನ್‌ನ ಕಥೆ, ಕಿರ್ಕೆಗಾರ್ಡ್‌ನ ಚಿಂತನೆ ಎರಡೂ ಗದ್ಯ, ಹೇಗೋ ಗಡಿ ದಾಟಿದವು. ಪದ್ಯ ಅಷ್ಟು ಸುಲಭಕ್ಕೆ ದಾಟುವುದಿಲ್ಲ. ದಾಟಿದ ಕೆಲವಕ್ಕೆ ಸಂಗೀತದ ಆಸರೆ ಇತ್ತು. ಹಾಗಾಗಿ ಈ ಕವಿಗಳನ್ನು ಕಪಾಟಿನಲ್ಲಿ ಹುಡುಕುವವರಿಗೆ ಸಿಗುವುದು ಕಮ್ಮಿ. ರಂಗದ ಮೇಲೆ, ಹಾಡಿನಲ್ಲಿ ಹುಡುಕಬೇಕು.

ರಾಯಲ್ ಥಿಯೇಟರ್ ಬಗ್ಗೆ ಸ್ವಲ್ಪ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. 1748ರಲ್ಲಿ ಕಾಂಗೆನ್ಸ್ ನ್ಯೂಟೋರ್ ಎಂಬ ಚೌಕದಲ್ಲಿ ಶುರುವಾದದ್ದು. ರಂಗದ ಮೇಲ್ಗಡೆ 'ಬರೀ ಮೋಜಿಗಲ್ಲ' ಎಂದು ಬರೆದಿದೆ. 1801ರಲ್ಲಿ ಊರಿನ ಜನಸಂಖ್ಯೆ ಸುಮಾರು ಒಂದು ಲಕ್ಷ. 1848ರಲ್ಲಿ ಕ್ಯಾಸಿನೊ ಎಂಬ ಖಾಸಗಿ ಥಿಯೇಟರ್ ಬರುವವರೆಗೂ ದೊಡ್ಡ ನಾಟಕ ಅಂದರೆ ಇದೊಂದೇ. ರಾಜ, ವಿದ್ಯಾರ್ಥಿ, ವ್ಯಾಪಾರಿ ಎಲ್ಲರೂ ಅಲ್ಲಿಗೇ ಬರಬೇಕು. ಪತ್ರಿಕೆಗಳಲ್ಲಿ ರಾಜಕೀಯ ಬರೆಯಲು ರಾಜಶಾಹಿ ಬಿಡುತ್ತಿರಲಿಲ್ಲ, ಹಾಗಾಗಿ ಓದಿದವರ ಜಗಳ, ಚರ್ಚೆ, ಪಕ್ಷ ಕಟ್ಟುವುದು ಎಲ್ಲವೂ ನಾಟಕದ ಸುತ್ತಲೇ. ಕವಿ ಅನ್ನಿಸಿಕೊಂಡವನು ಆ ರಂಗದ ಮೇಲೆ ಗೆದ್ದು ತೋರಿಸಬೇಕಿತ್ತು. ಇಂಥ ಒತ್ತಡ ಬೇರೆ ಕಡೆ ಕಮ್ಮಿ.

ಕಾಲವೂ ಕೆಟ್ಟದ್ದೇ. 1807ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಕೋಪನ್‌ಹೇಗನ್ ಮೇಲೆ ಗುಂಡಿನ ಮಳೆ ಸುರಿಸಿ ನೌಕಾಪಡೆಯನ್ನೇ ಎತ್ತಿಕೊಂಡು ಹೋದರು. 1813ರಲ್ಲಿ ಸರ್ಕಾರ ದಿವಾಳಿ. ಮರುವರ್ಷ ನಾರ್ವೆಯೂ ಹೋಯಿತು. ಡೇನರು ತಮ್ಮ ಸಾಹಿತ್ಯ, ಚಿತ್ರಕಲೆಯ ಸುವರ್ಣಯುಗ ಎಂದು ಕರೆಯುವುದು ಈ ದಶಕಗಳನ್ನೇ.

ಶುರುವಾಗಿದ್ದು ಆಡಮ್ ಓಲೆನ್‌ಶ್ಲೇಗರ್‌ನಿಂದ (1779–1850). ಒಂದು ಕಳ್ಳತನದಿಂದ ಅಂತಲೂ ಹೇಳಬಹುದು, ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದಕ್ಷಿಣ ಯೂಟ್‌ಲ್ಯಾಂಡಿನ ಗಲ್ಲೆಹುಸ್ ಎಂಬ ಹಳ್ಳಿಯಲ್ಲಿ 1639ರಲ್ಲಿ ಕಿರ್ಸ್ಟನ್ ಎಂಬ ಲೇಸ್ ಹೆಣೆಯುವ ಹುಡುಗಿ ದಾರಿಯಲ್ಲಿ ಏನನ್ನೋ ಎಡವಿದಳು. ಅಗೆದು ನೋಡಿದರೆ ಉದ್ದನೆಯ ಚಿನ್ನದ ಕೊಂಬು, ಮೈತುಂಬ ವಿಚಿತ್ರ ಆಕೃತಿಗಳು. 1734ರಲ್ಲಿ ಅದೇ ಜಾಗದ ಹತ್ತಿರ ಒಬ್ಬ ರೈತನಿಗೆ ಇನ್ನೊಂದು ಕೊಂಬು ಸಿಕ್ಕಿತು, ಅದರ ಮೇಲೆ ರೂನ್ ಎಂಬ ಉತ್ತರ ಯುರೋಪಿನ ಹಳೆಯ ಲಿಪಿಯ ಸಾಲೂ ಇತ್ತು. ಎರಡನ್ನೂ ರಾಜನ ಸಂಗ್ರಹಾಲಯದಲ್ಲಿ ಇಟ್ಟಿದ್ದರು. 1802ರ ಮೇ 4ರ ರಾತ್ರಿ ನೀಲ್ಸ್ ಹೈಡೆನ್‌ರೈಕ್ ಎಂಬ ಅಕ್ಕಸಾಲಿ ಎರಡನ್ನೂ ಕದ್ದು ಕರಗಿಸಿಬಿಟ್ಟ. ಅವನ ಮೇಲೆ ಸಂಶಯ ಬಂದದ್ದರ ಹಿಂದೆ ನಮ್ಮ ಕಡೆಯ ಒಂದು ನಂಟಿದೆ: ಅವನು ಖೋಟಾ ಪಗೋಡಾಗಳನ್ನು ಮಾರಲು ನೋಡಿದ್ದ. ಪಗೋಡಾ ಅಂದರೆ ದೇವರ ಅಚ್ಚಿರುವ ದಕ್ಷಿಣ ಭಾರತದ ಚಿನ್ನದ ನಾಣ್ಯ, ನಮ್ಮವರ ವರಾಹ. ತಮಿಳುನಾಡಿನ ತರಂಗಂಬಾಡಿಯಲ್ಲಿ ಡೇನರು 1620ರಿಂದಲೇ ಠಿಕಾಣಿ ಹೂಡಿದ್ದರಲ್ವಾ. 1803ರಲ್ಲಿ ಸಿಕ್ಕಿಬಿದ್ದ ಹೈಡೆನ್‌ರೈಕ್ 1840ರವರೆಗೆ ಜೈಲಿನಲ್ಲಿ ಕಳೆದ. ಕೊಂಬುಗಳು ಮಾತ್ರ ವಾಪಸ್ ಬರಲಿಲ್ಲ.

ಕಳ್ಳತನವಾದ 1802ರಲ್ಲೇ ಹೆನ್ರಿಕ್ ಸ್ಟೆಫೆನ್ಸ್ ಎಂಬ ಯುವಕ ಜರ್ಮನಿಯಿಂದ ಊರಿಗೆ ಬಂದ. ಅಲ್ಲಿನ ಹೊಸ ರೊಮ್ಯಾಂಟಿಕ್ ವಿಚಾರಗಳು ಅವನ ತಲೆ ತುಂಬಿದ್ದವು. ಅವನೂ ಓಲೆನ್‌ಶ್ಲೇಗರ್‌ನೂ ಒಂದೇ ಸಮನೆ ಹದಿನಾರು ಗಂಟೆ ಮಾತಾಡಿದರಂತೆ. ಅದಾದ ಮೇಲೆ ಕೂತು ಬರೆದದ್ದು 'ಗುಲ್ಡ್‌ಹಾರ್ನೆನೆ', ಚಿನ್ನದ ಕೊಂಬುಗಳು. ಕವಿತೆಯ ಸಾಲುಗಳು ತುಂಬಾ ಚಿಕ್ಕವು. ಎರಡೆರಡು ಏಟು, ಹೃದಯ ಬಡಿದ ಹಾಗೆ. ಪಂಡಿತರು ಹಳೆಯ ಪುಸ್ತಕಗಳಲ್ಲಿ, ಅಗೆದ ದಿಬ್ಬಗಳಲ್ಲಿ ಹಿಂದಿನ ಕಾಲವನ್ನು ಹುಡುಕುತ್ತಿದ್ದಾರೆ, ಸಿಗುತ್ತಿಲ್ಲ. ದೇವತೆಗಳು ಕರುಣೆಯಿಂದ ಒಂದು ಕೊಂಬನ್ನು ಹುಡುಕದೇ ನಡೆಯುತ್ತಿದ್ದ ಹುಡುಗಿಯ ಕೈಗೆ ಕೊಡುತ್ತಾರೆ, ಇನ್ನೊಂದನ್ನು ಉಳುವವನ ಕೈಗೆ. ಜನಕ್ಕೆ ಅದರಲ್ಲಿ ಬೆಲೆಬಾಳುವ ಚಿನ್ನ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಕೊಟ್ಟ ದೇವತೆಗಳೇ ವಾಪಸ್ ಕಿತ್ತುಕೊಳ್ಳುತ್ತಾರೆ. ಪವಿತ್ರವಾದದ್ದು ಶಾಶ್ವತವಾಗಿ ಹೋಯಿತು ಎನ್ನುವಲ್ಲಿ ಕವಿತೆ ಮುಗಿಯುತ್ತದೆ. ಊರಿನಲ್ಲಿ ಎಲ್ಲರೂ ಕಳ್ಳನನ್ನು ಹುಡುಕುತ್ತಿದ್ದಾಗ, ಇದನ್ನು ಕಳೆದುಕೊಳ್ಳುವ ಯೋಗ್ಯತೆಯೇ ನಮ್ಮದು ಎಂದು ಹೇಳಲು ಎಷ್ಟು ಧೈರ್ಯ ಬೇಕು ನೋಡಿ. ಅವನಿಗೆ ಆಗ ಇಪ್ಪತ್ತೆರಡು ವರ್ಷ. ಡೇನಿಶ್ ಕವಿತೆಯಲ್ಲಿ ಒಂದೇ ಒಂದು ಓದುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಅಲ್ಲಿಂದ ಅವನು ನಾಟಕಕ್ಕೆ ಇಳಿದ. 1805ರ 'ಅಲ್ಲಾದಿನ್' ನಮಗೆಲ್ಲ ಗೊತ್ತಿರುವ ದೀಪದ ಕಥೆಯೇ. ಆದರೆ ಅವನಿಗೆ ಬೇಕಾಗಿದ್ದುದು ಒಂದು ಎದುರುಬದುರು: ಓದಿ ಓದಿ ಸುಸ್ತಾದ ನೂರುದ್ದೀನ್ ಒಂದು ಕಡೆ, ಏನೂ ಮಾಡದೆ ಎಲ್ಲವೂ ಒಲಿದುಬರುವ ಅಲ್ಲಾದಿನ್ ಇನ್ನೊಂದು ಕಡೆ. ಇಡೀ ಶತಮಾನದ ಡೇನಿಶ್ ಲೇಖಕರು ತಮ್ಮನ್ನು ಈ ಇಬ್ಬರ ಜೊತೆ ಹೋಲಿಸಿಕೊಂಡೇ ಬದುಕಿದರು. ಚಮ್ಮಾರನ ಮಗ ಆಂಡರ್ಸನ್ ತನ್ನನ್ನು ಅಲ್ಲಾದಿನ್ ಅಂದುಕೊಂಡ. ಆಮೇಲೆ ಬಂದದ್ದು 'ಹಾಕೊನ್ ಯಾರ್ಲ್', ಹಳೆಯ ದೇವರುಗಳನ್ನು ಬಿಡಲೊಲ್ಲದ ನಾರ್ವೆಯ ದೊರೆ ಹಾಕೊನ್‌ನ ದುರಂತ. ಎದುರಿಗೆ ಕ್ರೈಸ್ತ ಧರ್ಮ ತರುತ್ತಿರುವ ಓಲಾಫ್. ಗೆಲುವಿಗಾಗಿ ಹಾಕೊನ್ ತನ್ನ ಪುಟ್ಟ ಮಗನನ್ನೇ ಬಲಿ ಕೊಡುತ್ತಾನೆ. ಅವನು ಕ್ರೂರಿ ಎಂದು ಗೊತ್ತಿದ್ದೂ ಅವನು ಸೋಲುವಾಗ ನಮ್ಮ ಮನಸ್ಸು ಅವನ ಕಡೆಗೇ ವಾಲುತ್ತದೆ. ಓಲೆನ್‌ಶ್ಲೇಗರ್‌ನ ದುರಂತಗಳಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಲ್ಲುವುದು ಇದೇ. ನಂತರದ ನಾಟಕಗಳಲ್ಲಿ ಸುಮ್ನೆ ಉದ್ದ ಜಾಸ್ತಿ, ಬಿಸಿ ಕಮ್ಮಿ. ಅದನ್ನು ಆಗಲೇ ಎತ್ತಿ ತೋರಿಸಿದವನು ಹಿರಿಯ ಕವಿ ಯೆನ್ಸ್ ಬಾಗೆಸೆನ್, ಅವರಿಬ್ಬರ ಜಗಳ ವರ್ಷಗಟ್ಟಲೆ ನಡೆಯಿತು. ಆದರೂ 1829ರಲ್ಲಿ ಸ್ವೀಡನ್ನಿನ ಲುಂಡ್ ಕೆಥೆಡ್ರಲ್‌ನಲ್ಲಿ ಕವಿ ಟೆಗ್ನೇರ್ ಓಲೆನ್‌ಶ್ಲೇಗರ್ ತಲೆಗೆ ಎಲೆಯ ಕಿರೀಟ ಇಟ್ಟು ಉತ್ತರದ ಕವಿರಾಜ ಎಂದು ಮೆರೆಸಿದ. ಶತಮಾನಗಟ್ಟಲೆ ಯುದ್ಧ ಮಾಡಿಕೊಂಡ ಎರಡು ದೇಶಗಳ ನಡುವೆ ನಡೆದ ಸಂಗತಿ ಇದು. ಡೆನ್ಮಾರ್ಕಿನ ರಾಷ್ಟ್ರಗೀತೆಯ ಸಾಲುಗಳೂ ಅವನವೇ, 1819ರವು.

ಅವನ ನಂತರ ರಂಗ ಆಳಿದವನು ಯೊಹಾನ್ ಲುಡ್ವಿಗ್ ಹೈಬರ್ಗ್ (1791–1860). ಪೂರ್ತಿ ಬೇರೆ ಸ್ವಭಾವ. ಚುರುಕು, ಅಚ್ಚುಕಟ್ಟು, ಹೆಗೆಲ್‌ನ ತತ್ತ್ವಶಾಸ್ತ್ರದ ಭಕ್ತ. ಪ್ಯಾರಿಸ್‌ನಲ್ಲಿ ನೋಡಿಬಂದ ವಾಡ್‌ವಿಲ್ ಎಂಬ ಪ್ರಕಾರವನ್ನು 1825ರಲ್ಲಿ ಕೋಪನ್‌ಹೇಗನ್‌ಗೆ ತಂದ. ಹಗುರ ಕಥೆ, ಜನಕ್ಕೆ ಮೊದಲೇ ಬಾಯಿಗೆ ಬರುವ ಧಾಟಿಗಳಿಗೆ ಹೊಸ ಮಾತು ಕಟ್ಟಿದ ಹಾಡು. ಊರು ಮುಗಿಬಿದ್ದು ನೋಡಿತು. 1828ರಲ್ಲಿ ರಾಜಕುಮಾರಿಯ ಮದುವೆಗೆಂದು ಬರೆದ 'ಎಲ್ವರ್‌ಹೋಯ್' ಇವತ್ತಿಗೂ ಆಡುವ ನಾಟಕ. ರಾಯಲ್ ಥಿಯೇಟರ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿದೆ. ಯಕ್ಷರ ರಾಜನ ಸೀಮೆಗೆ ಮನುಷ್ಯರ ರಾಜ ಹೊಳೆ ದಾಟಿ ಬರಬಾರದು ಎಂಬ ನಂಬಿಕೆ ಅಲ್ಲಿಯ ಜನರದು. ನಾಲ್ಕನೇ ಕ್ರಿಶ್ಚಿಯನ್ ರಾಜ ದಾಟುತ್ತಾನೆ, ಮಕ್ಕಳು ಅದಲುಬದಲಾದ ಹಳೆಯ ಗುಟ್ಟನ್ನು ಬಯಲು ಮಾಡುತ್ತಾನೆ. ಸಂಗೀತ ಫ್ರೆಡ್ರಿಕ್ ಕುಲಾವ್‌ನದು, ಹಳೆಯ ಜಾನಪದ ಧಾಟಿಗಳನ್ನು ಎತ್ತಿಕೊಂಡು ಹೆಣೆದದ್ದು.

ಆ ನಾಟಕದ ಆಗ್ನೆತೆ ಪಾತ್ರ ಮಾಡಿದ ಹುಡುಗಿಗೆ ಆಗ ಹದಿನೈದು ತುಂಬಿತ್ತು. ಹೆಸರು ಯೊಹಾನ್ನೆ ಲುಯಿಸೆ ಪೆಟ್ಗೆಸ್. ಬಡ ವಲಸಿಗರ ಮಗಳು, ಚಿಕ್ಕಂದಿನಲ್ಲೇ ಥಿಯೇಟರ್‌ನ ನೃತ್ಯಶಾಲೆಗೆ ಸೇರಿದವಳು. 1831ರಲ್ಲಿ ಹೈಬರ್ಗ್‌ನನ್ನು ಮದುವೆಯಾದಳು. ಮುಂದೆ ದಶಕಗಳ ಕಾಲ ಡೇನಿಶ್ ನಾಟಕಕಾರರು ಪಾತ್ರ ಬರೆಯುವಾಗ ಕಣ್ಣಮುಂದೆ ಇದ್ದದ್ದು ಅವಳೇ. ಕಿರ್ಕೆಗಾರ್ಡ್ 1848ರಲ್ಲಿ ಒಂದು ಪ್ರಬಂಧವನ್ನು ಅವಳ ನಟನೆಯ ಮೇಲೆ ಬರೆದ. ಹದಿಹರೆಯದಲ್ಲಿ ಜೂಲಿಯೆಟ್ ಆಗಿದ್ದವಳು ಮೂವತ್ತು ದಾಟಿ ಮತ್ತೆ ಜೂಲಿಯೆಟ್ ಆಡಿದಾಗ ಹೆಚ್ಚೇ ನಿಜವಾಗುತ್ತಾಳೆ ಅನ್ನುವುದು ಅದರ ಒಳಗಿನ ಮಾತು. ಇಬ್ಸನ್ ಕೂಡ ಅವಳಿಗೆ 1871ರಲ್ಲಿ ಪದ್ಯದಲ್ಲಿ ಪತ್ರ ಬರೆದ. ಈ ಕಾಲದ ಚರಿತ್ರೆ ಬರೆಯುವವರು ಅವಳನ್ನು ಹೈಬರ್ಗ್‌ನ ಹೆಂಡತಿ ಅಂತ ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಹೈಬರ್ಗ್‌ನದು ಒಂದೇ ಓದುವುದಾದರೆ 1841ರ 'ಸತ್ತ ಮೇಲೆ ಒಂದು ಆತ್ಮ' ಓದಿ. ಕೋಪನ್‌ಹೇಗನ್‌ನ ಒಬ್ಬ ಸಭ್ಯ, ಮರ್ಯಾದಸ್ಥ ಗೃಹಸ್ಥ ಸಾಯುತ್ತಾನೆ. ಸ್ವರ್ಗದ ಬಾಗಿಲಲ್ಲಿ ಸಂತ ಪೀಟರ್ ತಡೆಯುತ್ತಾನೆ, ಯಾಕೆಂದರೆ ಅವನಿಗೆ ತನ್ನ ಧರ್ಮದ ಬಗ್ಗೆಯೇ ಏನೂ ಸರಿಯಾಗಿ ಗೊತ್ತಿಲ್ಲ. ಗ್ರೀಕರ ಪರಲೋಕಕ್ಕೆ ಹೋದರೆ ಅಲ್ಲಿನ ಹಾಸ್ಯನಾಟಕಕಾರ ಅರಿಸ್ಟೊಫೇನಿಸ್ ತಡೆಯುತ್ತಾನೆ, ಅವನಿಗೆ ಕಾವ್ಯವೂ ಗೊತ್ತಿಲ್ಲ. ಕೊನೆಗೆ ಮೂರನೇ ಬಾಗಿಲು. ಅಲ್ಲಿ ಯಾವ ಪರೀಕ್ಷೆಯೂ ಇಲ್ಲ. ಒಳಗೆ ಪತ್ರಿಕೆ, ಹರಟೆ, ನಾಟಕ, ಎಲ್ಲ ಊರಿನಲ್ಲಿ ಇದ್ದ ಹಾಗೇ. ಅದೇ ನರಕ. ಅವನಿಗೆ ಯಾವ ತಕರಾರೂ ಇಲ್ಲ. ಬೆಂಕಿ, ಕುದಿಯುವ ಎಣ್ಣೆ ಯಾವುದೂ ಇಲ್ಲದ ಇಂಥ ನರಕವನ್ನು ಆವರೆಗೆ ಯಾರೂ ತೋರಿಸಿರಲಿಲ್ಲ ಅನ್ನಿಸುತ್ತದೆ ನನಗೆ. ಓದುವಾಗ ಮೊದಲು ನಗು ಬರುತ್ತದೆ, ಆಮೇಲೆ ನಮ್ಮ ದಿನಚರಿಯ ಮೇಲೆಯೇ ಕಣ್ಣು ಹೋಗುತ್ತದೆ.

ಅದೇ ಕೃತಿಯಲ್ಲಿ ಆಂಡರ್ಸನ್‌ನ ನಾಟಕಗಳನ್ನೂ ಚುಚ್ಚಿದ್ದಾನೆ. ಹೌದು, ಆಂಡರ್ಸನ್‌ಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ರಂಗಭೂಮಿ. ಹದಿನಾಲ್ಕನೇ ವಯಸ್ಸಿನಲ್ಲಿ, 1819ರಲ್ಲಿ, ಅವನು ಕೋಪನ್‌ಹೇಗನ್‌ಗೆ ಓಡಿಬಂದದ್ದೇ ನಟನಾಗಲು, ಹಾಡುಗಾರನಾಗಲು. ಥಿಯೇಟರ್‌ಗೆ ಬಂದ ನಾಟಕಗಳನ್ನು ಓದಿ ಆರಿಸುವವರು ಅವನ ನಾಟಕಗಳನ್ನು ಮತ್ತೆ ಮತ್ತೆ ತಿರಸ್ಕರಿಸಿದರು. 'ಮುಲಾಟೆನ್' ಎಂಬ ನಾಟಕ 1839ರ ಡಿಸೆಂಬರ್ 3ರಂದು ಶುರುವಾಗಬೇಕಿತ್ತು. ಅದೇ ಬೆಳಿಗ್ಗೆ ಆರನೇ ಫ್ರೆಡ್ರಿಕ್ ರಾಜ ತೀರಿಕೊಂಡ, ಥಿಯೇಟರ್ ಮುಚ್ಚಿತು. ನಾಟಕ ಬಂದದ್ದು 1840ರ ಫೆಬ್ರವರಿಯಲ್ಲಿ, ಚೆನ್ನಾಗಿಯೇ ಓಡಿತು. ಅವನ ಕವಿತೆಗಳಲ್ಲಿ 'ಸಾಯುತ್ತಿರುವ ಮಗು' ಹುಡುಕಿ ಓದಿ. ಸಾಯುವ ಮಗುವೇ ಅಮ್ಮನಿಗೆ ಸಮಾಧಾನ ಹೇಳುತ್ತದೆ. ಅದನ್ನು ಬರೆದಾಗ ಅವನಿನ್ನೂ ಶಾಲೆಯಲ್ಲಿದ್ದ.

ಹೆನ್ರಿಕ್ ಹೆರ್ಟ್ಸ್ (ನಿಧನ 1870) ನಿಮಗೆ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುವವನು. ಅವನ 'ರೆನೆ ರಾಜನ ಮಗಳು' (1845) ಒಂದೇ ಅಂಕದ ಪದ್ಯನಾಟಕ. ಯೊಲಾಂಥೆಗೆ ಹಸುಗೂಸಿನಿಂದಲೇ ಕಣ್ಣಿಲ್ಲ. ತಂದೆ ಅವಳನ್ನು ಒಂದು ತೋಟದೊಳಗೆ ಬೆಳೆಸುತ್ತಾನೆ, ಬೆಳಕು, ಬಣ್ಣ, ನೋಟ ಎಂಬ ಮಾತನ್ನೇ ಅವಳ ಮುಂದೆ ಯಾರೂ ಆಡಬಾರದು ಎಂದು ಕಟ್ಟಪ್ಪಣೆ. ತನಗೆ ಏನೋ ಇಲ್ಲ ಎಂಬುದೇ ಅವಳಿಗೆ ಗೊತ್ತಿಲ್ಲ. ಅರಬ್ ವೈದ್ಯ ಹೇಳುವುದು ಇಷ್ಟೇ: ಮೊದಲು ಅವಳಿಗೆ ತಾನು ಕುರುಡಿ ಎಂದು ತಿಳಿಯಬೇಕು, ಆಮೇಲೆ ಚಿಕಿತ್ಸೆ. ತಂದೆಗೆ ಹೇಳಲು ಬಾಯಿ ಬರುವುದಿಲ್ಲ. ಆಗ ಗೊತ್ತಿಲ್ಲದ ಒಬ್ಬ ತರುಣ ತೋಟದೊಳಗೆ ಬರುತ್ತಾನೆ. ಇದನ್ನೇ ಇಟ್ಟುಕೊಂಡು ಚೈಕೋವ್ಸ್ಕಿ 1892ರಲ್ಲಿ 'ಯೊಲಾಂತಾ' ಆಪೆರಾ ಮಾಡಿದ, 'ನಟ್‌ಕ್ರ್ಯಾಕರ್' ಬ್ಯಾಲೆ ಜೊತೆ ಅದೇ ಸಂಜೆ ಮೊದಲ ಪ್ರದರ್ಶನ. ಆಪೆರಾದಲ್ಲಿ ತರುಣ ಕೆಂಪು ಗುಲಾಬಿ ಕೇಳುತ್ತಾನೆ, ಅವಳು ಬಿಳಿಯದನ್ನು ಕಿತ್ತುಕೊಡುತ್ತಾಳೆ. ಇನ್ನೊಮ್ಮೆ ಕೇಳುತ್ತಾನೆ, ಮತ್ತೆ ಬಿಳಿಯದೇ. ಅವನಿಗೆ ವಿಷಯ ಹೊಳೆಯುತ್ತದೆ. ರಂಗದ ಮೇಲೆ ಇಷ್ಟು ಸಣ್ಣ ಕೆಲಸದಿಂದ ಇಷ್ಟು ದೊಡ್ಡ ಗುಟ್ಟು ಒಡೆಯುವುದನ್ನು ನೋಡುವುದೇ ಒಂದು ಪಾಠ.

ಊರಿನ ರಂಗದಿಂದ ದೂರ ಇದ್ದವರೂ ಇದ್ದಾರೆ, ಅವರನ್ನು ಬಿಡಬೇಡಿ. ಸ್ಟೇನ್ ಸ್ಟೇನ್ಸೆನ್ ಬ್ಲಿಕರ್ ಯೂಟ್‌ಲ್ಯಾಂಡಿನ ಬಡ ಪಾದ್ರಿ. 1838ರಲ್ಲಿ ಕಾಯಿಲೆ ಬಿದ್ದಿದ್ದಾಗ ವಲಸೆ ಹಕ್ಕಿಗಳ ಮೇಲೆ ಒಂದು ಕವಿತೆಗಳ ಕಟ್ಟು ಬರೆದ. ನಾನು ಹೊರಡುವ ಹೊತ್ತು ಹತ್ತಿರ ಬಂತು, ಚಳಿಗಾಲದ ದನಿ ಕೇಳುತ್ತಿದೆ, ನಾನೂ ಇಲ್ಲಿ ಹಾದುಹೋಗುವವನೇ, ನನ್ನ ಮನೆ ಬೇರೆ ಕಡೆ ಇದೆ ಎಂದು ಶುರುವಾಗುತ್ತದೆ. ಎಮಿಲ್ ಓರೆಸ್ಟ್ರುಪ್ ಸಣ್ಣ ಊರುಗಳಲ್ಲಿ ವೈದ್ಯನಾಗಿದ್ದವನು. ಹನ್ನೆರಡು ಮಕ್ಕಳ ತಂದೆ. 1838ರಲ್ಲಿ ಒಂದೇ ಸಂಕಲನ ತಂದ, ದೇಹದ ಪ್ರೀತಿಯನ್ನು ಮುಚ್ಚುಮರೆ ಇಲ್ಲದೆ ಬರೆದ ಕವಿತೆಗಳು. ಯಾರೂ ಕೊಳ್ಳಲಿಲ್ಲ. ಅವನು ಸತ್ತ ಮೇಲೆ ವಿಮರ್ಶಕ ಗೇಯೊರ್ ಬ್ರಾಂಡೆಸ್ ಎತ್ತಿ ಹಿಡಿದ. ಪಾಲುಡಾನ್-ಮ್ಯುಲರ್‌ನ 'ಆಡಮ್ ಹೋಮೊ' ದೊಡ್ಡ ಪದ್ಯಕಾದಂಬರಿ, ಒಳ್ಳೆಯ ಹುಡುಗನೊಬ್ಬ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಾ ಒಳಗೆ ಖಾಲಿಯಾಗುವ ಕಥೆ. ಇಬ್ಸನ್‌ನ 'ಪೀರ್ ಗಿಂಟ್' ಇಷ್ಟಪಟ್ಟಿದ್ದರೆ ಇದನ್ನು ಹುಡುಕಿ.

ಇನ್ನು ಗ್ರುಂಟ್‌ವಿಗ್ (1783–1872). ಅವನನ್ನು ಕವಿ ಅನ್ನಬೇಕೋ, ಪಾದ್ರಿ ಅನ್ನಬೇಕೋ, ಶಿಕ್ಷಣ ಸುಧಾರಕ ಅನ್ನಬೇಕೋ ಹೇಳುವುದು ಕಷ್ಟ. ಸುಮಾರು ಒಂದೂವರೆ ಸಾವಿರ ಸ್ತೋತ್ರಗೀತೆ ಬರೆದ. ಪರೀಕ್ಷೆ ಇಲ್ಲದ, ರೈತರ ಮಕ್ಕಳು ಮಾತು ಮತ್ತು ಹಾಡಿನಿಂದ ಕಲಿಯುವ ಶಾಲೆ ಬೇಕೆಂದ. ಅವನ ವಿಚಾರದ ಮೇಲೆ 1844ರಲ್ಲಿ ರೋಡ್ಡಿಂಗ್ ಎಂಬಲ್ಲಿ ಮೊದಲ ಜನಶಾಲೆ ತೆರೆಯಿತು. ಆ ಶಾಲೆಗಳ ಹಾಡಿನ ಪುಸ್ತಕ 1894ರಲ್ಲಿ ಮೊದಲು ಬಂತು, ಈಗಲೂ ಹೊಸ ಹೊಸ ಆವೃತ್ತಿ ಬರುತ್ತಲೇ ಇದೆ. ಇಂಗೆಮನ್ ಎಂಬ ಕವಿ ಮಕ್ಕಳಿಗೆಂದು ಬರೆದ ಬೆಳಗಿನ ಹಾಡು, ಸಂಜೆಯ ಹಾಡು, ಓಲೆನ್‌ಶ್ಲೇಗರ್, ಬ್ಲಿಕರ್, ಆಂಡರ್ಸನ್, ಎಲ್ಲರೂ ಅದರೊಳಗಿದ್ದಾರೆ. ಕೋಪನ್‌ಹೇಗನ್‌ನ ಪಂಡಿತರ ಕವಿತೆ ಹಳ್ಳಿಗೆ ತಲುಪಿದ್ದು ಹೀಗೆ. ಇಡೀ ಶತಮಾನದ ಕಾವ್ಯ ಒಂದೇ ಕಡೆ ಬೇಕೆಂದರೆ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ.

1864ರಲ್ಲಿ ಪ್ರಶ್ಯ, ಆಸ್ಟ್ರಿಯಗಳ ಎದುರು ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್ ಎಂಬ ದಕ್ಷಿಣದ ಸೀಮೆಗಳನ್ನು ಕಳೆದುಕೊಂಡ ಮೇಲೆ ಹಳೆಯ ರಮ್ಯ ಧಾಟಿ ನಡೆಯಲಿಲ್ಲ. 1871ರ ನವೆಂಬರ್‌ನಲ್ಲಿ ಬ್ರಾಂಡೆಸ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಶುರು ಮಾಡಿ, ಸಮಸ್ಯೆಗಳನ್ನು ಚರ್ಚೆಗೆ ತರದ ಸಾಹಿತ್ಯ ಸತ್ತ ಸಾಹಿತ್ಯ ಎಂಬ ಅರ್ಥದ ಮಾತಾಡಿದ. ಇಬ್ಸನ್‌ನ ಸಾಮಾಜಿಕ ನಾಟಕಗಳ ಹಿಂದೆ ಈ ಗಾಳಿ ಇದೆ. ಬ್ರಾಂಡೆಸ್‌ನ ತಮ್ಮ ಎಡ್ವರ್ಡ್ ಅದೇ ರೀತಿಯ ನಾಟಕ ಬರೆದ, ಎಮ್ಮಾ ಗಾಡ್ ಮೇಲ್ವರ್ಗದ ಮನೆಗಳ ಒಳಜಗಳವನ್ನು ಹಾಸ್ಯನಾಟಕ ಮಾಡಿದಳು. ಆದರೆ ಆ ಪೀಳಿಗೆಯಲ್ಲಿ ನನಗೆ ತೀರಾ ಹತ್ತಿರದವನು ಯೆನ್ಸ್ ಪೀಟರ್ ಯಾಕಬ್ಸೆನ್ (1847–1885). ಓದಿದ್ದು ಸಸ್ಯಶಾಸ್ತ್ರ, ಕೆರೆಯ ಸೂಕ್ಷ್ಮ ಪಾಚಿಗಳ ಅಧ್ಯಯನಕ್ಕೆ ವಿಶ್ವವಿದ್ಯಾಲಯದ ಚಿನ್ನದ ಪದಕ ಪಡೆದವನು, ಡಾರ್ವಿನ್‌ನನ್ನು ಡೇನಿಶ್‌ಗೆ ತಂದವನು, ಕ್ಷಯದಿಂದ ಮೂವತ್ತೆಂಟಕ್ಕೇ ಸತ್ತವನು. ವಲ್ಡೆಮಾರ್ ರಾಜ ಮತ್ತು ಟೋವೆಯ ದಂತಕಥೆಯ ಮೇಲೆ ಅವನು ಬರೆದ ಗುರ್ರೆಯ ಹಾಡುಗಳನ್ನು ಸಂಗೀತ ರಚನಕಾರ ಶೋನ್‌ಬರ್ಗ್ ದೊಡ್ಡ ವಾದ್ಯವೃಂದಕ್ಕೆ ಕಟ್ಟಿದ, 1913ರಲ್ಲಿ ವಿಯೆನ್ನಾದಲ್ಲಿ ಮೊದಲು ಹಾಡಿದರು. ಟೋವೆ ಸತ್ತ ಸುದ್ದಿಯನ್ನು ಕಾಡುಪಾರಿವಾಳ ಹೇಳುವ ಭಾಗವನ್ನು ಮಾತ್ರ ಕೇಳಿದರೂ ಸಾಕು, ಯಾಕಬ್ಸೆನ್ ಎಂಥ ಕವಿ ಎಂದು ಗೊತ್ತಾಗುತ್ತದೆ. ಹೋಲ್ಗರ್ ಡ್ರಾಕ್‌ಮನ್ (1846–1908) ಸಮುದ್ರದ ಕವಿ. ಅವನ ನಾಟಕ 'ಒಂದಾನೊಂದು ಕಾಲದಲ್ಲಿ' 1887ರಲ್ಲಿ ರಂಗಕ್ಕೆ ಬಂತು. ಅದರ ಒಂದು ಹಾಡನ್ನು ಪ್ರತಿ ಜೂನ್ 23ರ ರಾತ್ರಿ ಡೇನರು ಬೆಂಕಿ ಹಾಕಿ ಸುತ್ತ ನಿಂತು ಹಾಡುತ್ತಾರೆ.

ಎಲ್ಲಿಂದ ಶುರು? ನೀವು ನಾಟಕದವರು, ಹಾಗಾಗಿ 'ರೆನೆ ರಾಜನ ಮಗಳು' ಮೊದಲು. ಒಂದು ಸಂಜೆಗೆ ಮುಗಿಯುತ್ತದೆ, ಹಳೆಯ ಇಂಗ್ಲಿಷ್ ಅನುವಾದಗಳು ಅಂತರ್ಜಾಲದಲ್ಲಿ ಉಚಿತವಾಗಿ ಇವೆ. ಅದಾದ ಮೇಲೆ 'ಯೊಲಾಂತಾ' ಆಪೆರಾ ನೋಡಿ. ಆಮೇಲೆ 'ಹಾಕೊನ್ ಯಾರ್ಲ್', ಅದರ ಬೆನ್ನಿಗೆ ಇಬ್ಸನ್‌ನ 'ಪ್ರಿಟೆಂಡರ್ಸ್' ಓದಿದರೆ ಅವನು ಎಲ್ಲಿಂದ ಹೊರಟ ಎಂಬುದು ಕಣ್ಣಿಗೆ ಕಟ್ಟುತ್ತದೆ. ಹೈಬರ್ಗ್‌ನ 'ಆತ್ಮ' ಮೂರನೆಯದು. ಕವಿತೆಗಳ ಡೇನಿಶ್ ಮೂಲ 'ಕಲಿಯೋಪೆ' ಎಂಬ ಜಾಲತಾಣದಲ್ಲಿ ಸಿಗುತ್ತದೆ. ಭಾಷೆ ಬರದಿದ್ದರೂ 'ಗುಲ್ಡ್‌ಹಾರ್ನೆನೆ' ತೆರೆದು ಒಂದು ಕಡೆ ಅನುವಾದ ಇಟ್ಟುಕೊಂಡು, ಯಾರಾದರೂ ಓದಿದ ಧ್ವನಿಮುದ್ರಣ ಸಿಕ್ಕರೆ ಅದನ್ನೂ ಹಾಕಿಕೊಂಡು ಕೇಳಿ.